ಊರಿಗೆ ಯಾವಾಗ ಹೊಂಟಿ?

ಪಂಚಮಿ ಬಂತೆಂದರೆ ನಮ್ಮ ರಾಯಚೂರು ಸೀಮೆಯ ಬಸ್ಸುಗಳ ತುಂಬ ಹೆಣ್ಣುಮಕ್ಕಳು. ತವರಿನಿಂದ ಅಣ್ಣನೋ ತಮ್ಮನೋ ಕರೆಯಲು ಬಂದಿರುತ್ತಾನೆ. ಜೋಕಾಲಿ, ಉಂಡಿ, ಅವ್ವನ ಕೈಯ ಊಟ ಕಾದಿರುತ್ತವೆ. ಡಿಸೆಂಬರಿನಲ್ಲಿ ಕ್ರೈಸ್ತ ಕುಟುಂಬಗಳಿಗೂ ಇದೇ ಸಡಗರ. ಬೆಂಗಳೂರಿಗೆ ದುಡಿಯಲು ಹೋದವರು ಸಿಂಧನೂರು, ಮಸ್ಕಿ, ಲಿಂಗಸುಗೂರು ನಿಲ್ದಾಣಗಳಲ್ಲಿ ಚೀಲ ಹೊತ್ತು ಇಳಿಯುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಶತಮಾನಗಳ ಹಳೆಯ ಕ್ಯಾಥೋಲಿಕ್ ಚರ್ಚಿದೆ. ಅಲ್ಲಿ ಮನೆಗಳ ಮುಂದೆ ನಕ್ಷತ್ರ ತೂಗುತ್ತದೆ, ಗೋದಲಿ ಸಿದ್ಧವಾಗುತ್ತದೆ. ಹಬ್ಬ ಯಾವುದೇ ಇರಲಿ, ಜೊತೆಗೆ ದುಡಿಯುವವರು ಕೇಳುವ ಮಾತು ಒಂದೇ: ‘ಊರಿಗೆ ಯಾವಾಗ ಹೊಂಟಿ?’

ಅನಾಥಾಶ್ರಮದಲ್ಲಿ ಬೆಳೆದು, 18 ತುಂಬಿ ಹೊರಗೆ ಬಂದವರನ್ನು ಈ ಮಾತು ತಬ್ಬಿಬ್ಬು ಮಾಡುತ್ತದೆ. ಕ್ರಿಸ್‌ಮಸ್ ದಿನ ಆಶ್ರಮದ ಮಕ್ಕಳಿಗೆ ಕೇಕು, ಸ್ವೆಟರು, ಹೊಸ ಬಟ್ಟೆ ಕೊಡುವ ಪುಣ್ಯವಂತರು ನಮ್ಮಲ್ಲಿದ್ದಾರೆ. ಹೋದ ವರ್ಷ ಅದೇ ಪಂಕ್ತಿಯಲ್ಲಿ ಕೂತು ಉಂಡವರು ಈ ವರ್ಷ ಎಲ್ಲಿ ಉಂಡರು ಎಂದು ಕೇಳುವವರು ಕಡಿಮೆ. ಹಾಗೆ ಕೇಳುವುದಕ್ಕೆಂದೇ ಒಂದು ವ್ಯವಸ್ಥೆ ಇದೆ. ಸರ್ಕಾರದ ಭಾಷೆಯಲ್ಲಿ ಅದರ ಹೆಸರು ‘ಅನುಪಾಲನೆ’.

2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಇದಕ್ಕೆ ಆಧಾರ. ಪಾಲನಾ ಸಂಸ್ಥೆಯಿಂದ ಹೊರಡುವವರು ಸಮಾಜದಲ್ಲಿ ನೆಲೆ ನಿಲ್ಲಲು ಹಣಕಾಸಿನ ನೆರವು ಕೊಡಬಹುದು ಎನ್ನುತ್ತದೆ ಅದು. 2016ರ ಮಾದರಿ ನಿಯಮಗಳ ಪ್ರಕಾರ ಈ ನೆರವು 21 ವರ್ಷದವರೆಗೆ. ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ. ಆರರಿಂದ ಎಂಟು ಜನ ಕೂಡಿ ಬಾಳುವ ತಾತ್ಕಾಲಿಕ ಮನೆ, ವೃತ್ತಿ ತರಬೇತಿ, ಕಲಿಯುವ ಕಾಲಕ್ಕೆ ಶಿಷ್ಯವೇತನ, ಕಷ್ಟಸುಖ ಕೇಳುವ ಒಬ್ಬ ಆಪ್ತ ಸಲಹೆಗಾರ ಇವೆಲ್ಲ ಆ ಪಟ್ಟಿಯಲ್ಲಿವೆ. ಹೊರಡುವ ಎರಡು ತಿಂಗಳು ಮೊದಲೇ ಅವರ ಮುಂದಿನ ದಾರಿಯ ಯೋಜನೆ ಮಕ್ಕಳ ಕಲ್ಯಾಣ ಸಮಿತಿಯ ಮುಂದಿರಬೇಕು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ.

ಆದರೆ ಕಾಯ್ದೆ ‘ಕೊಡಬಹುದು’ ಎನ್ನುತ್ತದೆ, ‘ಕೊಡಲೇಬೇಕು’ ಎನ್ನುವುದಿಲ್ಲ. ಆ ಒಂದು ಪದದ ಸಡಿಲಿನಲ್ಲಿ ಎಷ್ಟೋ ಮಕ್ಕಳು ಜಾರಿಹೋಗಬಹುದು. ಅದಕ್ಕೇ ಅರ್ಜಿ ಹಿಡಿದು ಬೆನ್ನು ಹತ್ತುವ ಹಿರಿಯರೊಬ್ಬರು ಜೊತೆಗೆ ಬೇಕು.

ನಮ್ಮ ಕಡೆ ಹುಟ್ಟಿದ ದಿನ ಗೊತ್ತಿಲ್ಲದ ಮಗುವಿಗೆ ಶಾಲೆಯಲ್ಲಿ ಜೂನ್ 1 ಎಂದು ಬರೆಸುವುದು ಹಳೆಯ ರೂಢಿ. ಹಾಗೆ ಬರೆಸಿಕೊಂಡ ಆಶ್ರಮದ ಮಗುವಿಗೆ ಕಾಲೇಜು ತೆರೆಯುವ ಹೊತ್ತಿಗೇ 18 ತುಂಬುತ್ತದೆ. ಪ್ರವೇಶ ಶುಲ್ಕ, ಬಾಡಿಗೆ ಕೋಣೆ, ಮುಂಗಡ, ಮೆಸ್ಸಿನ ದುಡ್ಡು ಎಲ್ಲ ಒಟ್ಟಿಗೆ ಎದುರಾಗುತ್ತವೆ. ಅಪ್ಪ ಅವ್ವ ಇರುವ ಮಕ್ಕಳು 18ಕ್ಕೆ ಮನೆ ಬಿಡುವುದಿಲ್ಲ. ಬಿಟ್ಟರೂ ಜ್ವರ ಬಂದರೆ ಮರಳುತ್ತಾರೆ. ಇವರಿಗೆ ಮರಳುವ ದಾರಿಯೇ ಇರುವುದಿಲ್ಲ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಆಶ್ರಮಗಳಲ್ಲಿ ಬೆಳೆದ ಹುಡುಗನ ದಾರಿ ಹೇಗಿರುತ್ತದೆ ನೋಡಿ. ಮೊದಲು ಕಾಗದ. ಕಲ್ಯಾಣ ಕರ್ನಾಟಕದವರಿಗೆ ಓದು, ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ 98ನೇ ತಿದ್ದುಪಡಿಯಿಂದ ಬಂತು. ಅದರ ಅರ್ಹತಾ ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಗೆ ಹೋಗಬೇಕು. ಈ ಭಾಗಕ್ಕೆ ಅದು ಲಿಂಗಸುಗೂರಿನಲ್ಲಿದೆ. ಹುಟ್ಟಿದ್ದೆಲ್ಲಿ, ಓದಿದ್ದೆಲ್ಲಿ, ತಂದೆತಾಯಿ ಎಲ್ಲಿಯವರು ಎಂಬುದಕ್ಕೆ ದಾಖಲೆ ಕೇಳುತ್ತಾರೆ. ತಂದೆತಾಯಿಯ ಮುಖವನ್ನೇ ಕಾಣದವನು ಅದನ್ನೆಲ್ಲಿಂದ ತಂದಾನು? ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು ಇವೆಲ್ಲ ಆಶ್ರಮದಲ್ಲಿರುವಾಗಲೇ ಅವನ ಕೈಗೆ ಬಂದರೆ ಅರ್ಧ ಯುದ್ಧ ಗೆದ್ದಂತೆ.

ಎರಡನೆಯದು ಹೆಸರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಹಿಂದೆ ಇದ್ದ ದೊರೆ ಅಶೋಕನೇ ಎಂದು 1915ರಲ್ಲಿ ಖಚಿತಪಡಿಸಿದ್ದು ಮಸ್ಕಿಯ ಬಂಡೆಯ ಮೇಲಿನ ಶಾಸನ. ಬಿರುದಿನ ಜೊತೆಗೆ ಹೆಸರನ್ನೂ ಅದು ಉಳಿಸಿಕೊಂಡಿತ್ತು. ಆಶ್ರಮದ ಮಕ್ಕಳಿಗೂ ನಾವು ಒಂದು ಬಿರುದು ಕೊಟ್ಟುಬಿಟ್ಟಿದ್ದೇವೆ, ‘ಅನಾಥ’ ಎಂದು. ಆ ಪದವನ್ನು ಬದಿಗಿಟ್ಟು ಹೆಸರು ಹಿಡಿದು ಕರೆದರೆ, ನಿನಗೇನು ಕಲಿಯಲು ಇಷ್ಟ ಎಂದು ಕೇಳಿದರೆ, ಅದೇ ಅನುಪಾಲನೆಯ ಮೊದಲ ಪಾಠ.

ಮೂರನೆಯದು ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರು ಭತ್ತದ ಸೀಮೆಯಾಯಿತು. ಅಕ್ಕಿ ಗಿರಣಿ, ಟ್ರ್ಯಾಕ್ಟರ್ ರಿಪೇರಿ, ಗೊಬ್ಬರದ ಅಂಗಡಿ, ಲೆಕ್ಕಪತ್ರದ ಕೆಲಸ ಅಲ್ಲಿವೆ. ಐಟಿಐ ಕಲಿತ ಹುಡುಗನಿಗೋ ಬಿ.ಕಾಂ. ಓದಿದ ಹುಡುಗಿಗೋ ಗಿರಣಿಯ ಮಾಲೀಕರೊಬ್ಬರು ‘ನಮ್ಮ ಹುಡುಗ, ನಮ್ಮ ಹುಡುಗಿ’ ಎಂದು ಜಾಮೀನು ನಿಂತರೆ ಸಾಕು, ಗುಳೆ ಹೋಗುವುದು ತಪ್ಪುತ್ತದೆ.

ಕಾಗದ, ಹೆಸರು, ಕೆಲಸ ಮೂರೂ ಸಿಕ್ಕವನನ್ನೂ ಹಬ್ಬದ ದಿನದ ಬಾಗಿಲು ಹಾಕಿದ ಕೋಣೆ ಕಾಡುತ್ತದೆ. ಇದನ್ನು ಅನುಭವದಿಂದಲೇ ಬಲ್ಲವರು ಇಂಗ್ಲೆಂಡಿನ ಕವಿ ಲೆಮ್ ಸಿಸ್ಸೆ. ಇಥಿಯೋಪಿಯದ ತಾಯಿಗೆ 1967ರಲ್ಲಿ ಹುಟ್ಟಿದ ಅವರು ಸಾಕುಮನೆಯಲ್ಲಿ, ಆಮೇಲೆ ಮಕ್ಕಳ ಗೃಹಗಳಲ್ಲಿ ಬೆಳೆದರು. ಮುಂದೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕುಲಾಧಿಪತಿಯೂ ಆದರು. ಪಾಲನಾಗೃಹ ಬಿಟ್ಟ 18ರಿಂದ 25ರ ವಯಸ್ಸಿನವರಿಗೆ ಕ್ರಿಸ್‌ಮಸ್ ದಿನವೇ ಊಟ ಬಡಿಸುವ ಕೆಲಸವನ್ನು 2013ರಲ್ಲಿ ಅವರು ಮ್ಯಾಂಚೆಸ್ಟರಿನಲ್ಲಿ ಶುರುಮಾಡಿದರು. ಊರವರೇ ಸ್ವಯಂಸೇವಕರು, ಪ್ರತಿಯೊಬ್ಬರಿಗೂ ಉಡುಗೊರೆ. ಆ ಊಟ ಈಗ ಇತರ ಊರುಗಳಿಗೂ ಹಬ್ಬಿದೆ.

ನಮಗೆ ಇದೇನು ಹೊಸದಲ್ಲ. ತವರೆಂದರೇನು ಎಂಬುದನ್ನು ಪಂಚಮಿ ನಮಗೆ ಕಲಿಸಿಯೇ ಇದೆ. ಹೋದ ಮಗಳನ್ನು ಮರಳಿ ಕರೆಯುವುದೇ ತವರು. ಈ ಕ್ರಿಸ್‌ಮಸ್‌ಗೆ ಆಶ್ರಮಕ್ಕೆ ಕೇಕು ಒಯ್ಯುವವರು ಅಲ್ಲಿನ ಮೇಲ್ವಿಚಾರಕರನ್ನು ಒಂದು ಮಾತು ಕೇಳಲಿ: ಹೋದ ಮಕ್ಕಳನ್ನು ಹಬ್ಬಕ್ಕೆ ಕರೆದಿರೇನು? ಬಸ್ ಚಾರ್ಜು ನಾವು ಕೊಡುತ್ತೇವೆ. ಬರುವ ಜೂನ್‌ನಲ್ಲಿ ಯಾರಿಗೆ 18 ತುಂಬುತ್ತದೆ ಎಂದೂ ಕೇಳಲಿ. ರಾಯಚೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅವರ ಅನುಪಾಲನೆಯ ಅರ್ಜಿಯ ಬಗ್ಗೆ ಈಗಲೇ ವಿಚಾರಿಸಲಿ. ಆರು ತಿಂಗಳು ಕೈಯಲ್ಲಿವೆ.

ಹಾಗೆ ಒಂದು ಕರೆ ಹೋದರೆ, ಬೆಂಗಳೂರಿನ ಯಾವುದೋ ಕೋಣೆಯಲ್ಲಿ ಚೀಲಕ್ಕೆ ಬಟ್ಟೆ ತುಂಬುತ್ತಿರುವ ಹುಡುಗಿಯನ್ನು ಗೆಳತಿ ಕೇಳುತ್ತಾಳೆ, ಊರಿಗೆ ಯಾವಾಗ ಹೊಂಟಿ ಎಂದು. ಅವಳಿಗೆ ಈ ಸಲ ಹೇಳಲು ಒಂದು ದಿನ, ಒಂದು ಊರು ಇರುತ್ತದೆ.