ಸಪ್ತಾಪುರದ ಓದುಕೋಣೆಗಳು ಹೇಳುವ ಲೆಕ್ಕ

ಧಾರವಾಡದ ಕರ್ನಾಟಕ ಕಾಲೇಜಿನ ಕಡೆಯಿಂದ ಸಪ್ತಾಪುರಕ್ಕೆ ನಡೆದು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಬೋರ್ಡುಗಳು: ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಟಿಇಟಿ. ಒಂದೇ ಕಟ್ಟಡದಲ್ಲಿ ಕೆಳಗೆ ಜೆರಾಕ್ಸ್ ಅಂಗಡಿ, ನಡುವೆ ಕೋಚಿಂಗ್ ಕ್ಲಾಸು, ಮೇಲೆ ಪಿಜಿ. ವಿಜಯಪುರ, ಬಾಗಲಕೋಟೆ, ಗದಗ, ರಾಯಚೂರಿನ ಹಳ್ಳಿಗಳಿಂದ ಡಿಗ್ರಿ ಮುಗಿಸಿ ಬಂದವರು ಸರ್ಕಾರಿ ನೌಕರಿಗಾಗಿ ಕಾಯುವ ಜಾಗವಿದು.

ಒಂದು ಲೈಬ್ರರಿಯ ಮೆಟ್ಟಿಲು ಹತ್ತಿದೆ. ತಿಂಗಳ ಬಾಡಿಗೆಗೆ ಕುರ್ಚಿ ಕೊಡುವ ಓದುಕೋಣೆ. ಪ್ಲೈವುಡ್ ಅಡ್ಡಪಟ್ಟಿಗಳ ನಡುವೆ ನಂಬರು ಬರೆದ ಮೇಜುಗಳು. ಒಂದು ಅಡ್ಡಪಟ್ಟಿಯ ಮೇಲೆ ಕರ್ನಾಟಕದ ನಕಾಶೆ, ಅದರ ಪಕ್ಕ ಕೆಂಪು ಪೆನ್ನಿನಲ್ಲಿ ಒಂದು ಇಸವಿ: ಆ ಮೇಜಿನ ಹುಡುಗನ ವಯೋಮಿತಿ ಮುಗಿಯುವ ವರ್ಷ.

ಹೊರಗೆ ಚಹಾ ಕುಡಿಯುತ್ತಾ ಅವನೇ ಮಾತಿಗೆ ಸಿಕ್ಕ. “ಲಗ್ನದ ಸೀಸನ್‌ದಾಗ ಬಡಿಸಾಕ ಹೋಗ್ತೇನ್ರಿ, ಖಾನಾವಳಿ ಖರ್ಚು ನೀಗ್ತದ. ಸುಗ್ಗಿಗೆ ಊರಿಗೆ ಹೋಗಿ ಅಪ್ಪಗ ಹೊಲದಾಗ ಕೈಗೂಡ್ಸಬೇಕ್ರಿ. ಯಾರರ ಕೇಳಿದ್ರ ಓದಾಕತ್ತೇನಿ ಅಂತೀನ್ರಿ.”

ಈ ಮೂರು ಮಾತುಗಳನ್ನು ಸರ್ಕಾರದ ನಿಯತಕಾಲಿಕ ಕಾರ್ಮಿಕ ಪಡೆ ಸಮೀಕ್ಷೆಯ ಪಕ್ಕದಲ್ಲಿಟ್ಟು ನೋಡಬೇಕು. ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು, ಅವನು ಉದ್ಯೋಗಿ. ವರ್ಷದ ಲೆಕ್ಕದಲ್ಲಿ 30 ದಿನ ದುಡಿದಿದ್ದರೂ ಉದ್ಯೋಗಿಯೇ. ಅದು ಸಂಬಳವಿಲ್ಲದ ಮನೆಯ ಹೊಲದ ದುಡಿಮೆಯಾದರೂ ಸರಿ. ಇನ್ನು ‘ಓದುತ್ತಿದ್ದೇನೆ’ ಎಂದಷ್ಟೇ ಹೇಳಿ, ಕೆಲಸ ಸಿಕ್ಕರೆ ಹೋಗುತ್ತೇನೆ ಎನ್ನದಿದ್ದರೆ ಕಾರ್ಮಿಕ ಪಡೆಯಿಂದಲೇ ಹೊರಗುಳಿಯಬಹುದು. ನಿರುದ್ಯೋಗಿ ಎಂಬ ಕಾಲಮಿಗೆ ಅವನು ಬರುವ ದಾರಿ ಬಲು ಇಕ್ಕಟ್ಟು.

2023-24ರ ಸಮೀಕ್ಷೆಯಲ್ಲಿ, ವರ್ಷದ ಲೆಕ್ಕದಂತೆ, 15 ವರ್ಷ ಮೇಲ್ಪಟ್ಟವರ ನಿರುದ್ಯೋಗ ಪ್ರಮಾಣ ಶೇ 3.2. 15ರಿಂದ 29 ವಯಸ್ಸಿನವರಲ್ಲಿ ಶೇ 10.2. ಈ ಅಂಕಿ ಸುಳ್ಳಲ್ಲ. ವಾರದ ಲೆಕ್ಕದ ಒಂದು ಗಂಟೆಯ ನಿಯಮವೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯದು. ದೇಶದಲ್ಲಿ ನಡೆಯುವ ಎಲ್ಲ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯುವುದು ಅದರ ಉದ್ದೇಶ. ಆ ದುಡಿಮೆಯಿಂದ ಬದುಕು ನಡೆಯುತ್ತದೆಯೇ, ಕಲಿತ ವಿದ್ಯೆಗೆ ಅದು ತಕ್ಕುದೇ ಎಂಬುದನ್ನು ಈ ಶೇಕಡಾವಾರು ಹೇಳುವುದಿಲ್ಲ.

ಕಾಯುವಿಕೆಯ ಉದ್ದವೂ ಅದರಲ್ಲಿ ಕಾಣುವುದಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರು ಅಷ್ಟೂ ದಿನ ಇಂಥ ಕುರ್ಚಿಗಳಿಗೆ ಬಾಡಿಗೆ ಕಟ್ಟುತ್ತಲೇ ಇದ್ದರು.

ಓಣಿಯ ತುದಿಯ ಪುಸ್ತಕದಂಗಡಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟುಗಳಿವೆ. ಸೆಕೆಂಡ್‌ಹ್ಯಾಂಡ್ ಪುಸ್ತಕಗಳ ಸಾಲಿನ ಮುಂದೆ ಒಬ್ಬ ಹುಡುಗಿ ತನ್ನ ಪುಸ್ತಕಗಳನ್ನು ಮಾರಲು ಚೌಕಾಸಿ ಮಾಡುತ್ತಿದ್ದಳು. ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದಾರಂತೆ. ಇನ್ನು ಅವಳು ಕೆಲಸ ಹುಡುಕುವುದನ್ನು ಬಿಟ್ಟು ಮನೆಗೆಲಸದಲ್ಲೇ ಉಳಿದರೆ, ನಿರುದ್ಯೋಗಿಗಳ ಸಾಲಿನಿಂದ ಒಂದು ಹೆಸರು ಕಡಿಮೆಯಾಗುತ್ತದೆ, ಯಾರಿಗೂ ನೌಕರಿ ಸಿಗದೆಯೇ.

2025ರಿಂದ ವಾರದ ಲೆಕ್ಕದ ನಿರುದ್ಯೋಗದ ಅಂಕಿ ತಿಂಗಳು ತಿಂಗಳು ಬರುತ್ತಿದೆ. ಅದು ಒಳ್ಳೆಯದು. ಆದರೆ ಪ್ರಮಾಣ ಇಳಿಯಿತೆಂದು ಹೇಳುವಾಗಲೆಲ್ಲ ಎಷ್ಟು ಜನ ಸಂಬಳವಿಲ್ಲದೆ ದುಡಿಯುತ್ತಿದ್ದಾರೆ, ಎಷ್ಟು ಜನ ಹುಡುಕುವುದನ್ನೇ ಬಿಟ್ಟರು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ನೇಮಕಾತಿಗೆ ದಿನಾಂಕ ಗೊತ್ತುಮಾಡಿ ಅದಕ್ಕೆ ಬದ್ಧವಾಗಿರಬೇಕು. ಸಪ್ತಾಪುರದ ಮಕ್ಕಳು ಸರ್ಕಾರದಿಂದ ನಿರೀಕ್ಷಿಸಬಹುದಾದ ಕನಿಷ್ಠ ನ್ಯಾಯ ಇದು.