ಹಿತ್ತಲ ಮರಕ್ಕೆ ಪಾಚಿ ಹಿಡಿದರೆ ಮರ ಸಾಯುತ್ತದೆಯೇ?

ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡು, ಕೊಡಗು, ಕರಾವಳಿಯ ಹಿತ್ತಲುಗಳಲ್ಲಿ ಮಾವು, ಸಪೋಟ, ಹಲಸಿನ ಮರಗಳ ಕಾಂಡಕ್ಕೆ ದಪ್ಪನೆಯ ಹಸಿರು ಪಾಚಿ ಹಿಡಿದಿರುತ್ತದೆ. ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಪಾಚಿ ಮರದ ಸತ್ವ ಎಲ್ಲಾ ಹೀರ್ತಾ ಇದೆ, ಕೆರೆದು ತೆಗೀರಿ." ಕೆಲವರು ತಂತಿ ಬ್ರಶ್ಶಿನಿಂದ ಉಜ್ಜುತ್ತಾರೆ. ಕೆಲವರು ಉಪ್ಪುನೀರು, ಬ್ಲೀಚಿಂಗ್ ಪೌಡರ್, ಸೀಮೆಎಣ್ಣೆ ಸುರಿಯುತ್ತಾರೆ. ಮರಕ್ಕೆ ರೋಗ ಬಂದಿದೆ ಎಂದು ಕಡಿಸಿಬಿಡುವವರೂ ಇದ್ದಾರೆ. ಪಾಚಿಯಿಂದ ಆಗದ ಹಾನಿ ಈ ಉಪಚಾರಗಳಿಂದ ಆಗುತ್ತದೆ.

ಪಾಚಿಗೆ ಆಹಾರ ಎಲ್ಲಿಂದ ಬರುತ್ತದೆ?

ನಾವು ಕೆರೆಯ ನೀರಿನಲ್ಲಿ ಬೆಳೆಯುವುದಕ್ಕೂ ಪಾಚಿ ಎನ್ನುತ್ತೇವೆ, ಮರದ ಮೇಲೆ ಮಖಮಲ್ಲಿನಂತೆ ಬೆಳೆಯುವುದಕ್ಕೂ ಪಾಚಿಯೇ. ಎರಡೂ ಬೇರೆ ಬೇರೆ ಜೀವಿಗಳು. ಮರದ ಮೇಲಿನದು ಮಾಸ್ ಎಂಬ ಪುಟ್ಟ ಸಸ್ಯ. ಇದಕ್ಕೆ ನಿಜವಾದ ಬೇರಿಲ್ಲ. ಬೇರಿನ ಜಾಗದಲ್ಲಿ ರೈಜಾಯ್ಡ್ ಎಂಬ ಕೂದಲಿನಷ್ಟು ತೆಳ್ಳಗಿನ ಎಳೆಗಳಿವೆ. ಅವುಗಳ ಮುಖ್ಯ ಕೆಲಸ ತೊಗಟೆಗೆ ಹಿಡಿದುಕೊಳ್ಳುವುದು. ತೊಗಟೆಯ ಹೊರಪದರವೋ, ಸತ್ತ ಕೋಶಗಳದ್ದು. ಮರದ ನೀರು, ಆಹಾರ ಹರಿಯುವ ಪದರಗಳು ಅದಕ್ಕಿಂತ ಒಳಗಿವೆ. ರೈಜಾಯ್ಡ್ ಅಲ್ಲಿಯವರೆಗೆ ಇಳಿಯುವುದಿಲ್ಲ.

ಪಾಚಿ ನೀರನ್ನು ಮಳೆ, ಮಂಜಿನಿಂದ ಪಡೆಯುತ್ತದೆ, ಖನಿಜಗಳನ್ನು ಮಳೆನೀರು, ಧೂಳಿನಿಂದ. ಆಹಾರವನ್ನು ಬೆಳಕಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಅನುಮಾನವಿದ್ದರೆ ನಿಮ್ಮ ಕಾಂಪೌಂಡ್ ಗೋಡೆ, ಹಳೆಯ ಹೆಂಚು ನೋಡಿ. ಅಲ್ಲೂ ಪಾಚಿ ಇದೆ. ಹೆಂಚಿನಲ್ಲಿ ಹೀರಲು ಯಾವ ಸತ್ವವಿದೆ?

ಇನ್ನೊಂದು ಪುರಾವೆ ಬೇಸಿಗೆಯಲ್ಲಿ ಸಿಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮರದ ಒಳಗೆ ರಸ ಹರಿಯುತ್ತಲೇ ಇರುತ್ತದೆ, ಆದರೆ ಅದರ ಮೇಲಿನ ಪಾಚಿ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮೊದಲ ಮಳೆ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹಸಿರಾಗುತ್ತದೆ. ಮರದ ರಸ ಕುಡಿಯುವ ಗಿಡವಾಗಿದ್ದರೆ ಮಳೆಗಾಗಿ ಕಾಯಬೇಕಿರಲಿಲ್ಲ.

ಹಾಗಾದರೆ ಸೊರಗಿದ ಮರದಲ್ಲೇ ಪಾಚಿ ಹೆಚ್ಚೇಕೆ?

ಜನರ ಗಮನಿಕೆ ಸುಳ್ಳಲ್ಲ, ಕಾರಣ ಮಾತ್ರ ತಿರುವುಮುರುವಾಗಿದೆ. ಮರ ಸೊರಗಿದಾಗ ಎಲೆ ಕಡಿಮೆಯಾಗಿ ಕಾಂಡದ ಮೇಲೆ ಬೆಳಕು ಬೀಳುತ್ತದೆ. ಬೆಳವಣಿಗೆ ನಿಧಾನವಾದ್ದರಿಂದ ಹಳೆಯ ತೊಗಟೆ ಅಲುಗಾಡದೆ ಕೂತಿರುತ್ತದೆ. ಪಾಚಿಗೆ ಬೇಕಾದ್ದೇ ಅದು. ತೊಗಟೆಯನ್ನು ಸುಲಿದು ಉದುರಿಸುವ ಸೀಬೆ, ನೀಲಗಿರಿ ಮರಗಳಲ್ಲಿ ಪಾಚಿ ಅಷ್ಟಾಗಿ ನಿಲ್ಲದಿರುವುದೂ ಇದೇ ಕಾರಣಕ್ಕೆ.

ಪಾಚಿಯ ಮೇಲೆ ತಪ್ಪು ಹೊರಿಸಿ ಕೂತರೆ ನಿಜವಾದ ಕಾಯಿಲೆ ಕೈತಪ್ಪುತ್ತದೆ. ಮರ ಸೊರಗುತ್ತಿದ್ದರೆ ಮೊದಲು ಬುಡ ನೋಡಿ. ನೀರು ನಿಲ್ಲುತ್ತಿದೆಯೇ? ಬುಡದ ಸುತ್ತ ಸಿಮೆಂಟ್ ಹಾಕಿದ್ದೀರಾ, ಕಾಂಡಕ್ಕೆ ಮಣ್ಣು ಏರಿಸಿದ್ದೀರಾ? ಮಾವಿನ ಕಾಂಡದಲ್ಲಿ ತೂತು, ಕೆಳಗೆ ಮರದ ಹುಡಿ ಕಂಡರೆ ಅದು ಕಾಂಡ ಕೊರೆಯುವ ಹುಳುವಿನ ಕೆಲಸ.

ಮೇಲೆ ಕೊಂಬೆಗಳನ್ನೂ ನೋಡಿ. ಮರದ ಎಲೆಗಿಂತ ಬೇರೆಯಾದ ದಪ್ಪ ಎಲೆಗಳ ಗೊಂಚಲು ಇದ್ದರೆ ಅದು ಬಂದಳಿಕೆ. ಸತ್ವ ಹೀರುವ ಆರೋಪ ನಿಜಕ್ಕೂ ಸಲ್ಲಬೇಕಾದ್ದು ಇದಕ್ಕೆ. ಹಕ್ಕಿಗಳು ತಂದು ಅಂಟಿಸುವ ಬೀಜ ಮೊಳೆತು, ಕೊಂಬೆಯ ಒಳಗೇ ಬೇರಿನಂಥ ಅಂಗ ನುಗ್ಗಿಸಿ ಮರದ ನೀರು, ಖನಿಜ ಎಳೆಯುತ್ತದೆ. ಗೊಂಚಲು ಮಾತ್ರ ಕಿತ್ತರೆ ಮತ್ತೆ ಚಿಗುರುತ್ತದೆ. ಅದು ಅಂಟಿದ ಜಾಗಕ್ಕಿಂತ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು, ಹಣ್ಣು ಬಿಡುವ ಮೊದಲೇ.

ಕಾಂಡದ ಮೇಲಿನ ಬೂದು-ಬಿಳಿ ಮಚ್ಚೆಗಳಿಗೆ ಹೆದರಬೇಕಿಲ್ಲ. ಅವು ಕಲ್ಲುಹೂವು, ಅಂದರೆ ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವಿ. ಮಸಾಲೆಗೆ ಹಾಕುವ ಕಲ್ಲುಹೂವು ಇದರದ್ದೇ ಬಳಗ. ಕಿತ್ತಳೆ ಬಣ್ಣದ ಪುಡಿಯಂಥದ್ದು ಟ್ರೆಂಟಿಪೋಲಿಯಾ ಎಂಬ ಪಾಚಿ. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಸುರಿದು ಜನ ಗಾಬರಿಯಾಗಿದ್ದರಲ್ಲ, ಆ ನೀರಿನಲ್ಲಿ ವಿಜ್ಞಾನಿಗಳಿಗೆ ಸಿಕ್ಕಿದ್ದು ಇದೇ ಕುಲದ ಪಾಚಿಯ ಬೀಜಕಣಗಳು.

ನೋಡಲು ಚೆನ್ನಾಗಿಲ್ಲ, ತೆಗೆಯಲೇಬೇಕು ಎಂದರೆ?

ತೆಗೆಯಬಹುದು. ಮಳೆ ಬಂದು ಪಾಚಿ ನೆನೆದು ಮೆತ್ತಗಾದಾಗ ಕೈಯಿಂದಲೋ ತೆಂಗಿನ ನಾರಿನಿಂದಲೋ ಮೆಲ್ಲಗೆ ಉಜ್ಜಿದರೆ ಸಾಕು. ತಂತಿ ಬ್ರಶ್, ಕತ್ತಿ ಬೇಡ. ಅವುಗಳಿಂದ ತೊಗಟೆ ಗಾಯವಾದರೆ ಅಲ್ಲಿಂದ ಶಿಲೀಂಧ್ರ, ಹುಳು ಒಳಗೆ ಹೋಗುತ್ತವೆ. ಉಪ್ಪು, ಬ್ಲೀಚಿಂಗ್ ಪೌಡರ್ ಬುಡದ ಮಣ್ಣಿಗೆ ಇಳಿದು ಬೇರನ್ನು ಸುಡುತ್ತವೆ. ಸುತ್ತಲಿನ ಪೊದೆ ಸವರಿ, ಒಣಕೊಂಬೆ ತೆಗೆದು ಗಾಳಿಯಾಡುವಂತೆ ಮಾಡಿದರೆ ಕಾಂಡ ಬೇಗ ಒಣಗಿ ಪಾಚಿ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ, ಮುಂದಿನ ಮುಂಗಾರಿಗೆ ಮತ್ತೆ ಬರುತ್ತದೆ.

ಬೋರ್ಡೋ ಹೊಡೆದರೆ ಪಾಚಿ ಸಾಯುತ್ತದೆ ಎನ್ನುವುದು ನಿಜ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣವನ್ನು 100 ಲೀಟರ್ ನೀರಿಗೆ ಸೇರಿಸಿ ಮಾಡುವ ಈ ದ್ರಾವಣದಲ್ಲಿರುವ ತಾಮ್ರ ಪಾಚಿಗೆ ವಿಷ. ಆದರೆ ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ಹೊಡೆದಷ್ಟೂ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ಎರೆಹುಳುವಿಗೂ ಕೆರೆಯ ಮೀನಿಗೂ ಒಳ್ಳೆಯದಲ್ಲ. ಅಡಿಕೆಯ ಕೊಳೆರೋಗಕ್ಕೆ ಅದು ಬೇಕು, ಅಲ್ಲಿ ಬೆಳೆಯ ಪ್ರಶ್ನೆ ಇದೆ. ಹಿತ್ತಲ ಮಾವಿನ ಮರ ಚೆಂದ ಕಾಣಲಿ ಎಂದು ಹೊಡೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಪಾಚಿಯನ್ನು ನಿರ್ಲಕ್ಷಿಸಬಾರದ ಒಂದು ಸಂದರ್ಭವಿದೆ, ಅದು ಮರದ ಆರೋಗ್ಯದ ವಿಷಯವಲ್ಲ. ಅಡಿಕೆ, ತೆಂಗಿನ ಮರಕ್ಕೆ ಪಾಚಿ ಹಿಡಿದರೆ ಮಳೆಯಲ್ಲಿ ಕಾಂಡ ಜಾರುತ್ತದೆ. ಕೊನೆ ಕೊಯ್ಯಲು, ಔಷಧಿ ಹೊಡೆಯಲು ಹತ್ತುವವರ ಜೀವ ಆ ಕಾಲಿನ ಹಿಡಿತದ ಮೇಲೆ ನಿಂತಿರುತ್ತದೆ. ಅಂಥ ಮರವನ್ನು ಯಾರನ್ನಾದರೂ ಹತ್ತಿಸುವ ಮುಂಚೆ ಕೈಗೆಟುಕುವಷ್ಟು ಎತ್ತರಕ್ಕೆ ಉಜ್ಜಿಕೊಡಿ. ಅದಕ್ಕಿಂತ ಮೇಲೂ ಪಾಚಿ ಇದ್ದರೆ, ಮಳೆ ಬಿಟ್ಟು ಕಾಂಡ ಒಣಗುವವರೆಗೆ ಹತ್ತಿಸಬೇಡಿ.