ಊರಿಗೆ ಕೇಳ್ತಾ ಉಂಟಾ?

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯ ಯಕ್ಷಗಾನ ಕಲಾವಿದರು ಮುಂಬಯಿ ಕಡೆ ಮುಖ ಮಾಡುವುದು ಹಳೆಯ ರೂಢಿ. ಊರಿನ ಮಳೆಗೆ ಬಯಲಾಟ ನಡೆಯುವುದಿಲ್ಲ. ಇಲ್ಲಿ ಸಭಾಗೃಹಗಳಿಗೆ ಮಾಡು ಉಂಟು, ಕೇಳುವ ಜನವೂ ಉಂಟು. ಜುಲೈ, ಆಗಸ್ಟ್ ತಿಂಗಳ ಭಾನುವಾರಗಳಲ್ಲಿ ದಹಿಸರ್‌ನಿಂದ ಡೊಂಬಿವಲಿಯವರೆಗೆ ಎಲ್ಲಾದರೂ ಒಂದು ಕಡೆ ಆಟವೋ ತಾಳಮದ್ದಳೆಯೋ ಇದ್ದೇ ಇರುತ್ತದೆ.

ಭಾನುವಾರವೇ ರೈಲ್ವೆಯ ಮೆಗಾಬ್ಲಾಕ್ ಕೂಡ. ಮೊಣಕಾಲು ನೋವಿನ ಹಿರಿಯರು ಮಳೆಯಲ್ಲಿ ಎರಡು ಲೋಕಲ್ ಬದಲಿಸಿ, ಸೇತುವೆಯ ಮೆಟ್ಟಿಲು ಹತ್ತಿ ಇಳಿದು ಬರುವುದು ಹೇಗೆ? ಹಾಗಾಗಿ ನಮ್ಮ ಸಂಘದ ಸಮಿತಿಯಲ್ಲಿ ‘ಲೈವ್ ಬೇಕು’ ಎಂಬ ಮಾತು ಎದ್ದಾಗ ಯಾರೂ ಬೇಡವೆನ್ನಲಿಲ್ಲ. ಯಾರು ಮಾಡುವುದು ಎಂಬ ಪ್ರಶ್ನೆ ಬಂದಾಗ ಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು: “ನೀವು ದಿನಾ ಕಂಪ್ಯೂಟರ್ ಎದುರೇ ಕೂತುಕೊಳ್ಳುವವರಲ್ವಾ? ನೀವೇ ಮಾಡಿಬಿಡಿ ಮಾರಾಯ್ರೆ.” ನಾನು ಕೂತುಕೊಳ್ಳುವುದು ವಿಮಾ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ. ನನಗೆ ಗೊತ್ತಿದ್ದ ಕಂಪ್ಯೂಟರ್ ಎಂದರೆ ಎಕ್ಸೆಲ್. ತಾಳಮದ್ದಳೆಯ ಹುಚ್ಚು ಮಾತ್ರ ಚಿಕ್ಕಂದಿನಿಂದ ಇತ್ತು.

ಅದರ ಹಿಂದಿನ ವರ್ಷ ಯಾರೋ ಉತ್ಸಾಹಿಗಳು ಸಭೆಯ ಕೊನೆಯ ಸಾಲಿನಲ್ಲಿ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ ಲೈವ್ ಬಿಟ್ಟಿದ್ದರು. ಊರಿನಿಂದ ಅಮ್ಮ ಫೋನ್ ಮಾಡಿ, “ಮಗಾ, ಚೆಂಡೆ ಕೇಳ್ತದೆ, ಫ್ಯಾನು ಕೇಳ್ತದೆ, ಅರ್ಥ ಒಂದು ಕೇಳುವುದಿಲ್ಲ” ಎಂದಿದ್ದರು. ತಾಳಮದ್ದಳೆಯನ್ನು ನೋಡದವರಿಗೆ ಹೇಳುವುದಾದರೆ, ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಶಾಲು ಹೊದ್ದು ಕುಳಿತ ನಾಲ್ಕೈದು ಮಂದಿ ಅರ್ಥಧಾರಿಗಳು ರಾಮನಾಗಿ, ವಾಲಿಯಾಗಿ, ಕೃಷ್ಣನಾಗಿ, ಕೌರವನಾಗಿ ಮಾತನಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಎದುರಿನವರ ಮಾತಿಗೆ ಅಲ್ಲೇ ಉತ್ತರ ಹುಟ್ಟಬೇಕು. ಇಂಥ ಕಲೆಗೆ ಅರ್ಥವೇ ಕೇಳದ ಮೇಲೆ ಉಳಿಯುವುದೇನು?

ಕಲಿಯಲು ಹೊರಟಾಗ ಎಲ್ಲರೂ ಮೊದಲು ಕೇಳಿದ್ದು, ಯಾವ ಕ್ಯಾಮೆರಾ ಎಂದು. ಒಂದು ತಿಂಗಳು ಓದಿ, ಕೇಳಿ, ಮನೆಯಲ್ಲಿ ಪ್ರಯೋಗ ಮಾಡಿದ ಮೇಲೆ ನನಗನ್ನಿಸಿದ್ದು, ಕ್ಯಾಮೆರಾ ಕೊನೆಯ ಪ್ರಶ್ನೆ. ಒಂದು ಸಾಧಾರಣ ಹ್ಯಾಂಡಿಕ್ಯಾಮ್, ಅದರ ಚಿತ್ರವನ್ನು ಲ್ಯಾಪ್‌ಟಾಪಿಗೆ ಒಯ್ಯುವ ಒಂದು ಕ್ಯಾಪ್ಚರ್ ಕಾರ್ಡ್, ಅಲುಗಾಡದ ಒಂದು ಸ್ಟ್ಯಾಂಡ್ ಇದ್ದರೆ ಆಯಿತು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಶಟರ್ ವೇಗವನ್ನು 1/50ಕ್ಕೆ ಇಟ್ಟರೆ ಟ್ಯೂಬ್‌ಲೈಟಿನ ಮಿನುಗು ಚಿತ್ರದಲ್ಲಿ ಕಾಣುವುದಿಲ್ಲ. ಕ್ಯಾಮೆರಾದ ಬಗ್ಗೆ ಇಷ್ಟು ಸಾಕು.

ಧ್ವನಿ ಹಾಗಲ್ಲ. ಸಭಾಗೃಹದ ಮಿಕ್ಸರ್‌ನಿಂದ ಒಂದು ವೈರ್ ಎಳೆದುಕೊಂಡರೆ ಎಲ್ಲವೂ ಸರಿಯಾಗುತ್ತದೆ ಎಂದು ಯಾರಿಗೂ ಅನ್ನಿಸುತ್ತದೆ. ಅಲ್ಲಿನ ಸೌಂಡ್ ನೋಡಿಕೊಳ್ಳುವ ಮರಾಠಿ ಹುಡುಗ ಚೆಂಡೆಯ ಮುಂದೆ ಮೈಕ್ ಇಡುವುದೇ ಇಲ್ಲ. “ಕಶಾಲಾ ಪಾಹಿಜೆ?” ಎನ್ನುತ್ತಾನೆ, ಯಾತಕ್ಕೆ ಬೇಕು ಎಂದು. ಅವನ ಮಾತು ಸರಿ. ಸಭೆಯಲ್ಲಿ ಕುಳಿತವರಿಗೆ ಚೆಂಡೆ ಹಾಗೆಯೇ ಕಿವಿಗಪ್ಪಳಿಸುತ್ತದೆ. ಆದರೆ ಮಿಕ್ಸರ್‌ನಿಂದ ಹೊರಟ ಧ್ವನಿಯಲ್ಲಿ ಭಾಗವತರ ಕಂಠ ದೊಡ್ಡದು, ಅರ್ಥ ಸ್ಪಷ್ಟ, ಚೆಂಡೆ ಮಾತ್ರ ಪಕ್ಕದ ಬೀದಿಯಲ್ಲಿ ಬಾರಿಸಿದಂತೆ. ಸಭೆಯ ನಗು, ಚಪ್ಪಾಳೆ ಒಂದೂ ಇಲ್ಲ. ಮೊಬೈಲಿನವರದ್ದು ಒಂದು ತುದಿಯಾದರೆ ಇದು ಇನ್ನೊಂದು ತುದಿ.

ಎರಡನ್ನೂ ಬೆರೆಸುವುದೇ ದಾರಿ. ಅರ್ಥಧಾರಿಗಳ ಮತ್ತು ಭಾಗವತರ ಧ್ವನಿ ಮಿಕ್ಸರ್‌ನಿಂದ ಬರಲಿ. ವೇದಿಕೆಯ ಅಂಚಿನಲ್ಲಿ, ಚೆಂಡೆಯಿಂದ ಸ್ವಲ್ಪ ದೂರಕ್ಕೆ ಇನ್ನೊಂದು ಮೈಕ್ ಇಟ್ಟು ಹಿಮ್ಮೇಳವನ್ನೂ ಸಭೆಯ ಉಸಿರನ್ನೂ ಅದರಿಂದ ಹಿಡಿಯುವುದು. ಎರಡೂ ಲ್ಯಾಪ್‌ಟಾಪಿನಲ್ಲಿರುವ ಒಬಿಎಸ್ ಸ್ಟುಡಿಯೊ ಎಂಬ ತಂತ್ರಾಂಶಕ್ಕೆ ಬಂದು ಸೇರುತ್ತವೆ. ಇದು ಪೂರ್ತಿ ಉಚಿತ. 2012ರಿಂದ ಬೆಳೆಯುತ್ತ ಬಂದದ್ದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿ ಧ್ವನಿಯ ಮಟ್ಟ ಹಸಿರು, ಹಳದಿ, ಕೆಂಪು ಪಟ್ಟಿಯಾಗಿ ಕಾಣುತ್ತದೆ. ಮಾತು ಹಳದಿಯಲ್ಲಿ ಆಡುತ್ತಿರಬೇಕು, ಚೆಂಡೆಯ ಏರುಪೆಟ್ಟು ಕೆಂಪಿಗೆ ಹೋದರೂ ಅದರ ತುದಿ ಮುಟ್ಟಬಾರದು. ಮುಟ್ಟಿದರೆ ಧ್ವನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಕೂಡಿಸಲು ಬರುವುದಿಲ್ಲ. ಲಿಮಿಟರ್ ಎಂಬ ಒಂದು ತಡೆಯನ್ನು ಹಾಕಿಟ್ಟರೆ ಕೊನೆಯ ಅಪಾಯ ತಪ್ಪುತ್ತದೆ.

ಇನ್ನೊಂದು ತೊಡಕು ಉಂಟು. ಕ್ಯಾಪ್ಚರ್ ಕಾರ್ಡಿನ ಮೂಲಕ ಬರುವ ಚಿತ್ರ ಧ್ವನಿಗಿಂತ ಒಂದಿಷ್ಟು ಹಿಂದೆ ಬೀಳುತ್ತದೆ. ಬಾಯಿ ತೆರೆಯುವ ಮೊದಲೇ ಮಾತು ಕೇಳಿದರೆ ನೋಡುವವರಿಗೆ ಏನೋ ಸರಿಯಿಲ್ಲ ಎನ್ನಿಸುತ್ತದೆ, ಏನೆಂದು ಹೇಳಲು ತಿಳಿಯುವುದಿಲ್ಲ. ಇದಕ್ಕೆ ನಾನು ಭಾಗವತರನ್ನೇ ಹಿಡಿದೆ. ಅವರು ಕ್ಯಾಮೆರಾ ಎದುರು ಜಾಗಟೆಗೆ ಐದು ಪೆಟ್ಟು ಕೊಟ್ಟರು. ಅದನ್ನು ದಾಖಲಿಸಿ, ಕೋಲು ತಾಗುವ ಕ್ಷಣ ಮತ್ತು ನಾದದ ನಡುವಿನ ಅಂತರ ನೋಡಿ, ಧ್ವನಿಯನ್ನು ಅಷ್ಟೇ ತಡಮಾಡಿದೆ. ನಮ್ಮ ಸಲಕರಣೆಯಲ್ಲಿ ಅದು 150 ಮಿಲಿಸೆಕೆಂಡ್ ಆಯಿತು. “ಕಾಲ ಪ್ರಮಾಣ ಸರಿಯಾಯಿತಾ?” ಎಂದು ಭಾಗವತರು ನಕ್ಕರು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಲು ಕಾರಣ ಒಬ್ಬ ಕೇಳುಗರು. ಒಂದು ಕಾಲದಲ್ಲಿ ಪ್ರತಿ ಮಳೆಗಾಲ ಮುಂಬಯಿಗೆ ಬರುತ್ತಿದ್ದ ಅರ್ಥಧಾರಿಗಳು ಅವರು. ನಾನು ಅವರ ವಾಲಿಯನ್ನು ಮೂರು ಬಾರಿ ಕೇಳಿದ್ದೇನೆ. ಈಗ ಊರಿನ ಮನೆಯಲ್ಲಿದ್ದಾರೆ. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋಗಿದೆ. ಸೊಸೆ ಮೊಬೈಲನ್ನು ಸ್ಪೀಕರಿಗೆ ಜೋಡಿಸಿ ಪಕ್ಕದಲ್ಲಿಟ್ಟರೆ ಅವರು ಆರಾಮ ಕುರ್ಚಿಯಲ್ಲಿ ಕೇಳುತ್ತ ಕೂರುತ್ತಾರೆ. ಅವರಿಗೆ ಚಿತ್ರದ ಹಂಗಿಲ್ಲ. ಹಾಗಾಗಿ ಪರೀಕ್ಷೆಯ ದಿನ ನಾನು ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಹತ್ತು ನಿಮಿಷ ಕೇಳುತ್ತೇನೆ. ಯಾರು ಮಾತನಾಡುತ್ತಿದ್ದಾರೆ, ಪದ್ಯ ಎಲ್ಲಿ ಎತ್ತಿದರು, ಸಭೆ ಒಪ್ಪಿತೋ ಇಲ್ಲವೋ, ಇಷ್ಟು ಕಿವಿಗೇ ತಿಳಿದರೆ ಸಾಕು.

ಮುಂದಿನದು ಇಂಟರ್ನೆಟ್. ಬ್ರಾಡ್‌ಬ್ಯಾಂಡಿನವರು ಹೇಳುವ 100 ಎಂಬಿಪಿಎಸ್ ಎನ್ನುವುದು ಸಾಮಾನ್ಯವಾಗಿ ಡೌನ್‌ಲೋಡಿನ ಲೆಕ್ಕ. ಲೈವ್‌ಗೆ ಬೇಕಾದದ್ದು ಅಪ್‌ಲೋಡ್. ಸಿಗುವ ಅಪ್‌ಲೋಡಿನ ಅರ್ಧಕ್ಕಿಂತ ಹೆಚ್ಚು ಬಳಸದಿದ್ದರೆ ನೆಮ್ಮದಿ. ನಾವು 720ಪಿ ಚಿತ್ರಕ್ಕೆ ಸೆಕೆಂಡಿಗೆ 3,000 ಕಿಲೋಬಿಟ್ ಇಟ್ಟುಕೊಂಡೆವು. ಲೆಕ್ಕದವನಾದ್ದರಿಂದ ಇದನ್ನು ಹೇಳದೆ ಇರಲಾರೆ: ಗಂಟೆಗೆ ಸುಮಾರು 1.35 ಜಿಬಿ, ನಾಲ್ಕು ಗಂಟೆಯ ತಾಳಮದ್ದಳೆಗೆ ಐದೂವರೆ ಜಿಬಿ. ಪರೀಕ್ಷೆಯನ್ನು ಕಾರ್ಯಕ್ರಮದ ಹೊತ್ತಿಗೇ ಮಾಡಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಓಡುವ ನೆಟ್ಟು ಇಡೀ ಬಡಾವಣೆ ಮೊಬೈಲ್ ಹಿಡಿದು ಕೂತ ಸಂಜೆ ಏಳಕ್ಕೆ ಓಡುವುದಿಲ್ಲ. ಯೂಟ್ಯೂಬಿನ ಹೊಸ ಖಾತೆಯಲ್ಲಿ ಲೈವ್ ಸೌಲಭ್ಯ ತೆರೆದುಕೊಳ್ಳಲು 24 ಗಂಟೆ ಹಿಡಿಯಬಹುದು, ಹಾಗಾಗಿ ವಾರದ ಮೊದಲೇ ಅರ್ಜಿ ಹಾಕಿಡುವುದು ಒಳ್ಳೆಯದು. ಅಲ್ಲಿ ಸಿಗುವ ಸ್ಟ್ರೀಮ್ ಕೀ ಎಂಬ ಅಕ್ಷರಮಾಲೆ ಮನೆಯ ಬೀಗದ ಕೈ ಇದ್ದ ಹಾಗೆ. ಅದು ಸಿಕ್ಕವರು ನಿಮ್ಮ ಚಾನೆಲಿನಲ್ಲಿ ಏನನ್ನು ಬೇಕಾದರೂ ಬಿತ್ತರಿಸಬಹುದು. ಸಮಿತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಎಂದು ಒಬ್ಬರು ಕೇಳಿದ್ದರು, ಹಾಕಲಿಲ್ಲ.

ನಮ್ಮ ಮೊದಲ ದೊಡ್ಡ ಪ್ರಸಾರ ಆಗಸ್ಟ್‌ನ ಒಂದು ಭಾನುವಾರ, ಪ್ರಸಂಗ ವಾಲಿ ವಧೆ. ಹೊರಗೆ ಜಡಿಮಳೆ. ನಾಲ್ಕು ಗಂಟೆಗೆ ಶುರುವಾಗಬೇಕು, ಮೂರು ನಲವತ್ತಕ್ಕೆ ಬ್ರಾಡ್‌ಬ್ಯಾಂಡ್ ಸತ್ತಿತು. ಬೇರೆ ಬೇರೆ ಕಂಪನಿಯ ಎರಡು ಸಿಮ್‌ಗಳನ್ನು ಮೊದಲೇ ಇಟ್ಟುಕೊಂಡಿದ್ದೆವು. ಕಿಟಕಿಯ ಬಳಿ ಒಂದರ ಹಾಟ್‌ಸ್ಪಾಟ್ ಹಿಡಿದಾಗ ಅಪ್‌ಲೋಡ್ ಐದರ ಹತ್ತಿರ ಬಂತು. ಚಿತ್ರದ ಬಿಟ್‌ರೇಟನ್ನು 2,000ಕ್ಕೆ ಇಳಿಸಿ, ಧ್ವನಿಯ 128 ಅನ್ನು ಮುಟ್ಟದೆ ಶುರುಮಾಡಿದೆವು. ಇಲ್ಲಿ ತಾಳಮದ್ದಳೆಯ ಗುಣವೇ ನಮ್ಮನ್ನು ಕಾಪಾಡಿತು. ಕುಳಿತವರು ಕುಳಿತಲ್ಲೇ ಇರುವುದರಿಂದ ಚಿತ್ರದಲ್ಲಿ ಬದಲಾವಣೆ ಕಡಿಮೆ, ಕಡಿಮೆ ಬಿಟ್‌ರೇಟಿನಲ್ಲೂ ಮುಖ ಒಡೆಯುವುದಿಲ್ಲ. ಅದೇ ಬಯಲಾಟವಾಗಿದ್ದರೆ ಧಿಗಿಣ ಹಾಕುವಾಗ ವೇಷವೆಲ್ಲ ಚೌಕಚೌಕವಾಗಿ ಬಿಡುತ್ತಿತ್ತು.

ಕೆಲಸಕ್ಕೆ ಇಬ್ಬರು ಬೇಕೇ ಬೇಕು. ನಾನು ಲ್ಯಾಪ್‌ಟಾಪ್ ಮುಂದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಹೊರಗಿನ ವರಾಂಡದಲ್ಲಿ ತನ್ನ ಮೊಬೈಲಿನಲ್ಲಿ, ತನ್ನದೇ ಡೇಟಾದಲ್ಲಿ, ಊರಿನವರು ಕೇಳುವುದನ್ನೇ ಕೇಳುತ್ತ. ಕನ್ನಡ ಓದಲು ಬಾರದ ಅವಳು ಅಂದು ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ಅಜ್ಜನ ಹತ್ತಿರ ಒಂದು ವಾರ ಜಗಳವಾಡಿದಳಂತೆ. ಪ್ರಸಾರ ಸಭೆಗಿಂತ ಇಪ್ಪತ್ತು ಸೆಕೆಂಡಿನಷ್ಟು ಹಿಂದಿರುತ್ತದೆ. ಒಳಗೆ ನಗು ಮುಗಿದ ಮೇಲೆ ವರಾಂಡದಲ್ಲಿ ಅವಳು ನಗುತ್ತಿದ್ದಳು, ಊರಿನ ಕುರ್ಚಿಯಲ್ಲಿ ಆ ಹಿರಿಯರೂ ಅದೇ ಹೊತ್ತಿಗೆ ನಕ್ಕಿರಬೇಕು. ಚಹಾ ವಿರಾಮದಲ್ಲಿ ಅವರ ಸೊಸೆಯ ಸಂದೇಶ ಬಂತು: “ಮಾವ ಹೇಳ್ತಿದ್ದಾರೆ, ಮದ್ದಳೆ ಸ್ವಲ್ಪ ಏರಿಸಬೇಕಂತೆ.” ಏರಿಸಿದೆ.

ಯಂತ್ರದ ಕಷ್ಟಗಳೆಲ್ಲ ಹೀಗೆ ಕಲಿತರೆ ತೀರುವಂಥವು. ತೀರದ ಒಂದು ಪ್ರಶ್ನೆಯನ್ನು ಮುಂದಿನ ಕೂಟದ ಮೊದಲು ಅರ್ಥಧಾರಿಯೊಬ್ಬರು ಕೇಳಿದರು. “ಇದು ಆಮೇಲೆಯೂ ಉಳೀತದಾ?” ಉಳಿಯುತ್ತದೆ ಎಂದೆ, 12 ಗಂಟೆಯೊಳಗಿನ ಪ್ರಸಾರವನ್ನು ಯೂಟ್ಯೂಬ್ ತಾನಾಗಿಯೇ ಇಟ್ಟುಕೊಳ್ಳುತ್ತದೆ. “ನಾನು ವಾಲಿಯಾಗಿ ರಾಮನನ್ನು ಬಾಯಿಗೆ ಬಂದ ಹಾಗೆ ಬೈತೇನೆ. ಬೈಯದಿದ್ದರೆ ರಾಮನಿಗೆ ಉತ್ತರ ಕೊಡ್ಲಿಕ್ಕೆ ಎಂತ ಉಂಟು? ಅದರಲ್ಲಿ ಮೂವತ್ತು ಸೆಕೆಂಡ್ ಕತ್ತರಿಸಿ ಯಾರಾದ್ರೂ ವಾಟ್ಸ್ಆ್ಯಪ್‌ಗೆ ಬಿಟ್ರೆ, ಬೈದದ್ದು ವಾಲಿಯಾ ನಾನಾ?”

ಸಭೆಯಲ್ಲಿ ಆಡಿದ ಮಾತಿಗೆ ಸಭೆಯೇ ಸಾಕ್ಷಿಯಾಗಿತ್ತು; ವಾಲಿಯ ಸಿಟ್ಟನ್ನು ಕೇಳಿದವರು ರಾಮನ ಸಮಾಧಾನವನ್ನೂ ಕೇಳಿಯೇ ಏಳುತ್ತಿದ್ದರು. ಕತ್ತರಿಸಿದ ತುಣುಕಿಗೆ ಆ ಸಾಕ್ಷಿಯಿಲ್ಲ. ಪ್ರಸಾರ ಮುಗಿದೊಡನೆ ಅದನ್ನು ಖಾಸಗಿ ಮಾಡಬಹುದು, ಆದರೆ ನೋಡುತ್ತಿರುವಾಗಲೇ ಪರದೆಯನ್ನು ದಾಖಲಿಸಿಕೊಳ್ಳುವವರನ್ನು ತಡೆಯಲು ನನ್ನಲ್ಲಿ ಯಾವ ಉಪಾಯವೂ ಇಲ್ಲ. ಅದನ್ನು ಅವರಿಗೆ ನೇರವಾಗಿಯೇ ಹೇಳಿದೆ.

ಈಗ ನಾವು ಎರಡು ಕೆಲಸ ಮಾಡುತ್ತೇವೆ. ಮಾತನಾಡುವವರ ಎದೆಯ ಮಟ್ಟದಲ್ಲಿ, ಕತ್ತರಿಸಿದರೂ ಹೋಗದ ಹಾಗೆ, ಪಾತ್ರದ ಹೆಸರು ಮತ್ತು ಪ್ರಸಂಗದ ಹೆಸರು ಸದಾ ಕಾಣುವಂತೆ ಹಾಕುತ್ತೇವೆ. ಚಿತ್ರ ಸ್ವಲ್ಪ ಕೆಡುತ್ತದೆ, ಕೆಡಲಿ. ವಿಡಿಯೊವನ್ನು ಮೂರು ದಿನ ಇಟ್ಟು, ಅಂದಿನ ಕಲಾವಿದರೆಲ್ಲ ಒಪ್ಪಿದರೆ ಮಾತ್ರ ಮುಂದಕ್ಕೆ ಉಳಿಸುತ್ತೇವೆ. ಇಷ್ಟಾದರೂ ಆ ಅರ್ಥಧಾರಿಗಳು ಒಪ್ಪಲಿಲ್ಲ. ತನ್ನ ಅರ್ಥ ಇರುವ ದಿನ ಲೈವ್ ಬೇಡ ಎಂದರು. ಸಮಿತಿಯಲ್ಲಿ ಜೋರು ಚರ್ಚೆಯಾಯಿತು. ಊರಿನ ಕೇಳುಗರಿಗೆ ಏನು ಹೇಳುವುದು, ದಾನಿಗಳಿಗೆ ಏನು ಹೇಳುವುದು ಎಂದೆಲ್ಲ. ಮಾತು ಅವರದ್ದು, ಬೇಡ ಎನ್ನುವ ಹಕ್ಕೂ ಅವರದ್ದೇ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅಂದು ಲ್ಯಾಪ್‌ಟಾಪ್ ಚೀಲದಲ್ಲೇ ಉಳಿಯಿತು. ಅವರ ವಾಲಿ ಬಹಳ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಊರಿನಿಂದ ಆ ಹಿರಿಯರ ಫೋನ್. “ನಿನ್ನೆ ಎಂತಾಯಿತು? ವಾಲಿ ಎಲ್ಲಿಂದ ಹಿಡಿದ?” ಎಂದು ಕೇಳಿದರು. ಲೋಕಲ್ ಬಿಟ್ಟು, ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ನೆನಪಿದ್ದಷ್ಟನ್ನು ಅರ್ಧ ಗಂಟೆ ಹೇಳಿದೆ. ಒಂದು ಕಡೆ ತಡೆದು, “ಅಲ್ಲಿ ಅವನು ತಾರೆಯ ಮಾತು ತೆಗೆಯಲಿಲ್ಲವಾ?” ಎಂದರು. ಇಲ್ಲ ಎಂದಾಗ, ತಾವಾದರೆ ಏನು ಹೇಳುತ್ತಿದ್ದೆ ಎಂದು ಫೋನಿನಲ್ಲೇ ಶುರುಮಾಡಿದರು. ಇನ್ನೊಂದು ಗಾಡಿಯೂ ಹೋಯಿತು.